ಅಂಕಿ ಇಳಿಯದ ಬೇಸಿಗೆ

ಮೊನ್ನೆ ಸಂಜೆ ಹಿಂದಿನ ಮನೆಯವರು ಬಾಣಂತಿಗೆ ಹೊಗೆ ಹಾಕಿದರು. ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಕೂಡಿದ ಆ ಹೊಗೆ ಗೋಡೆ ದಾಟಿ ನಮ್ಮ ಅಂಗಳಕ್ಕೆ ಇಳಿಯಿತು. ಮೇಘಾ, ನೀನು ಮೂಗು ಮುಚ್ಚಿಕೊಂಡು "ಅಜ್ಜಿ, ಏನ್ ಸುಡಾಕತ್ತಾರ ಅವ್ರು?" ಎಂದು ಕೇಳಿದೆ. ನಿನ್ನ ತಮ್ಮ ಸುಮಂತ ಕೆಮ್ಮುತ್ತಲೇ ನಕ್ಕ. ನಾನು ಎದ್ದು ಒಳಗೆ ಹೋಗಿ ಕೂತೆ.

ಮೇಘಾ, ನೀನು ಹುಟ್ಟಿದ ಬೇಸಿಗೆಯನ್ನು ನಾನು ಆ ಹೊಗೆಯೊಳಗೇ ಕಳೆದಿದ್ದೇನೆ. ಎದುರು ಕೂತು ಹೇಳು ಎಂದರೆ ನನಗೆ ಬಾಯಿ ಬರುವುದಿಲ್ಲ. ದೇವಾಪುರದ ಶಾಲೆಯಲ್ಲಿ ಏಳನೆಯವರೆಗೆ ಓದಿದೆ. ಎದ್ದು ನಿಂತು ಪಾಠ ಓದು ಎಂದು ಮಾಸ್ತರರು ಹೇಳಿದರೆ ಅಳುತ್ತಿದ್ದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಬರೆದಿಡುತ್ತೇನೆ.

ನಿಮ್ಮವ್ವ ರತ್ನಾ ಚೊಚ್ಚಲ ಬಾಣಂತನಕ್ಕೆ ಶಹಾಪುರದ ಈ ಮನೆಗೆ ಬಂದಿದ್ದಳು. ನಿಮ್ಮಜ್ಜ ತೀರಿಹೋದ ಮೇಲೆ ನಾನು ಓಣಿಯ ಹೆಂಗಸರ ಕುಬಸ, ಅಂದರೆ ರವಿಕೆ, ಹೊಲಿದುಕೊಂಡು ಇದ್ದೆ. ಬಟ್ಟೆ ಅವರೇ ತಂದುಕೊಡುತ್ತಿದ್ದರು, ಅವರೇ ಒಯ್ಯುತ್ತಿದ್ದರು. ಬಸ್ಸು ಹತ್ತಿ ಊರು ದಾಟದೆ ಎಷ್ಟೋ ವರ್ಷಗಳಾಗಿದ್ದವು. ಗಂಡನಿಲ್ಲದ ನಾನೊಬ್ಬಳೇ ಬಾಣಂತನ ಮಾಡುವುದು ಸರಿಯಲ್ಲ ಎಂದು ನಿಮ್ಮಜ್ಜನ ಅಕ್ಕ ಬಸಮ್ಮ ಸುರಪುರದಿಂದ ಬಂದರು. ನೀವು ಫೋಟೋದಲ್ಲಿ ನೋಡಿರುವ ಸುರಪುರದ ಅಜ್ಜಿ ಅವರೇ. ರತ್ನಾಗೆ ಸೋದರತ್ತೆ. ಬಂದ ದಿನವೇ ಒಳಕೋಣೆಯ ಕಿಟಕಿಗೆ ಗೋಣಿತಾಟು ಬಡಿಸಿದರು. ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡದ ಬುಟ್ಟಿ ಇಟ್ಟರು. ರತ್ನಾಳ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ. ಕೂಸಿಗೆ ಕೆಟ್ಟ ಗಾಳಿ ಸೋಕದಿರಲೆಂದು ತೊಟ್ಟಿಲಲ್ಲಿ ಕಬ್ಬಿಣದ ಕುಡಗೋಲು. ಕೋಣೆಯ ಹೊಸ್ತಿಲಿಗೆ ಅಡ್ಡಲಾಗಿ ತಮ್ಮ ಚಾಪೆ.

ಹೊರಗೆ ಶಹಾಪುರದ ಬಿಸಿಲು. ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡದ ಬಂಡೆಗಳು ದಿನವಿಡೀ ಕಾದು, ಸಂಜೆ ಆ ಕಾವನ್ನು ನಮ್ಮ ಮನೆಗಳ ಮೇಲೆ ಬಿಡುತ್ತಿದ್ದವು. ಒಳಗೆ ಕೆಂಡ. ಪರ್ಸಿಕಲ್ಲಿನ ನೆಲ ಕೂಡ ಬೆಚ್ಚಗೆ. ಗೋಡೆಗೆ ಕೈ ಇಟ್ಟರೆ ಗೋಡೆಯೂ ಬೆವೆತಂತೆ ಇರುತ್ತಿತ್ತು.

ರತ್ನಾ ಬಾಣಂತನಕ್ಕೆ ಬಟ್ಟೆಗಂಟಿನ ಜೊತೆ ಲ್ಯಾಪ್‌ಟಾಪನ್ನೂ ತಂದಿದ್ದಳು. ಯಾದಗಿರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಅಲ್ಲೇ ಪಿಎಚ್‌ಡಿ ಮಾಡುತ್ತಿದ್ದಳು. ಬೋರ್‌ವೆಲ್ ಮೋಟರು ಅವಳ ವಿಷಯ. ನಮ್ಮ ಕಡೆ ಕರೆಂಟು ಸಣ್ಣಗೆ ಬಂದಾಗ ಮೋಟರು ಕಾದು ಸುಡುತ್ತದಲ್ಲ, ಒಳಗಿನ ಕಬ್ಬಿಣದ ಆಕಾರ ಬದಲಿಸಿದರೆ ಕಾವು ಕಡಿಮೆಯಾದೀತೇ ಎಂದು ನೋಡುತ್ತಿದ್ದಳು. ಎಲ್ಲ ಅಧ್ಯಾಯ ಮುಗಿದು ಒಂದು ಲೆಕ್ಕ ಮಾತ್ರ ಉಳಿದಿತ್ತು. ಅವಧಿಯನ್ನು ಒಮ್ಮೆ ಮುಂದೂಡಿ ಆಗಿತ್ತು. ತಿಂಗಳ ಕೊನೆಯೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿಯೇ ರದ್ದು, ಅಷ್ಟೂ ವರ್ಷದ ದುಡಿಮೆ ನೀರುಪಾಲು.

"ಬಾಣಂತಿ ಆ ಬೆಳಕಿನ ಡಬ್ಬಿ ನೋಡಬಾರ್ದು, ಕಣ್ಣು ಹೋಗ್ತಾವ" ಎಂದರು ಬಸಮ್ಮಕ್ಕ. ರತ್ನಾ ಕೇಳದೆ ಹೊರಸಿನ ಮೇಲೆ ಇಟ್ಟುಕೊಂಡು ತೆರೆದಳು. ಕೆಂಡದ ಕಾವಿಗೆ ಅದು ಸ್ವಲ್ಪ ಹೊತ್ತು ಗುರುಗುಟ್ಟಿ ತಾನಾಗಿಯೇ ಆರಿಹೋಯಿತು.

"ನೋಡು, ಅದಕ್ಕ ಸುದ್ದಾ ಬಾಣಂತನ ತಡ್ಯಾಕ ಆಗವಲ್ದು" ಎಂದರು ಬಸಮ್ಮಕ್ಕ. ಮೂವರೂ ನಕ್ಕೆವು. ಆ ಬೇಸಿಗೆಯಲ್ಲಿ ಮೂವರೂ ಕೂಡಿ ನಕ್ಕದ್ದು ಅಪರೂಪ.

ಕೊನೆಗೆ ಒಂದು ಒಪ್ಪಂದವಾಯಿತು. ಲ್ಯಾಪ್‌ಟಾಪು ಪಡಸಾಲೆಯಲ್ಲಿ, ಫ್ಯಾನಿನ ಕೆಳಗೆ. ಅದರ ಮುಂದೆ ನಾನು. ಒಳಗಿನಿಂದ ರತ್ನಾ ಹೇಳಿದ ಕೀಲಿ ನಾನು ಒತ್ತಬೇಕು, ಪರದೆಯ ಮೇಲೆ ಬಂದ ಅಂಕಿ ಓದಿ ಹೇಳಬೇಕು. ಹೊಲಿಗೆ ಯಂತ್ರ ಬಿಟ್ಟರೆ ಬೇರೆ ಯಂತ್ರ ಮುಟ್ಟಿದವಳಲ್ಲ ನಾನು. ಮೊದಲ ದಿನ ಒಂದೊಂದು ಕೀಲಿಗೂ ಎರಡೆರಡು ಸಲ ಕೇಳಿ ಒತ್ತುತ್ತಿದ್ದೆ.

"ಅವ್ವ, ಹೆದ್ರಬ್ಯಾಡ" ಎಂದು ರತ್ನಾ ಒಳಗಿಂದ ಹೇಳಿಕೊಟ್ಟಳು. "ಮೋಟರಿನ ಚಿತ್ರಾನ ಸಣ್ಣ ಸಣ್ಣ ಮುಕ್ಕೋನ ಮಾಡಿ ಹೆಚ್ಚೀನಿ. ನಿನ್ನಾಗ ಅಯಸ್ಕಾಂತದ ಬಲ ಎಷ್ಟದ ಅಂತ ಒಂದೊಂದನ್ನೂ ಕೇಳ್ತದ ಕಂಪ್ಯೂಟರ್. ಪ್ರತಿಯೊಂದೂ ಬಾಜೂದವ್ರನ್ನ ನೋಡಿ ಉತ್ರ ಹೇಳ್ತದ. ಬಾಜೂದವ್ರ ಉತ್ರ ಬದಲಾದ್ರ ಇದೂ ಬದಲಾಗ್ತದ. ಮತ್ತ ಕೇಳ್ತದ, ಮತ್ತ ಹೇಳ್ತಾವ. ಹಿಂದಿನ ಸರ್ತಿಗಿಂತ ಈ ಸರ್ತಿ ಎಷ್ಟು ಫರಕ್ ಅದ, ಅದೇ ನೀ ಓದೋ ಅಂಕಿ. ಫರಕ್ ಇಳಕೋಂತ ಇಳಕೋಂತ ಇಲ್ಲದಂಗ ಆದ್ರ ಕನ್ವರ್ಜ್ ಆತು ಅಂತ."

"ಇಳೀಲಿಲ್ಲಂದ್ರ?"

"ಇಳೀಲಿಲ್ಲಂದ್ರ ಉತ್ರಾನ ಇಲ್ಲ."

ಕಿವಿಯಲ್ಲಿ ಹತ್ತಿ ಇದ್ದುದರಿಂದ ಅವಳಿಗೆ ಮೆಲ್ಲಗೆ ಹೇಳಿದರೆ ಕೇಳುತ್ತಿರಲಿಲ್ಲ. ಜೀವಮಾನದಲ್ಲಿ ಗಟ್ಟಿಯಾಗಿ ಮಾತಾಡದವಳು ನಾನು. ಪಡಸಾಲೆಯಲ್ಲಿ ಕೂತು ಕೂಗತೊಡಗಿದೆ. "ಸೊನ್ನೆ ಚುಕ್ಕಿ ನಾಕು! ಸೊನ್ನೆ ಚುಕ್ಕಿ ಎರಡು! ಸೊನ್ನೆ ಚುಕ್ಕಿ ಸೊನ್ನೆ ಎಂಟು!" ಇನ್ನೇನು ಇಳಿಯಿತು ಎನ್ನುವಾಗ "ಸೊನ್ನೆ ಚುಕ್ಕಿ ಮೂರು!" ಮತ್ತೆ ಎರಡು, ಮತ್ತೆ ಎಂಟು, ಮತ್ತೆ ಮೂರು. ಕುಬಸದ ಬಟ್ಟೆ ಕೊಡಲು ಬಂದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು, "ಏನವಾ ಗೌರವ್ವ, ಮನಿ ಹರಾಜ್ ಹಾಕಾಕತ್ತೀಯೇನು?" ಎಂದಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ರತ್ನಾ ಒಂದೊಂದೇ ಬದಲಿಸಿ ನೋಡಿದಳು. ಮೋಟರಿನ ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವೆ ತೆಳ್ಳನೆಯ ಸಂದಿ ಇರುತ್ತದಂತೆ. ಅಲ್ಲಿನ ಮುಕ್ಕೋನಗಳನ್ನು ಇನ್ನೂ ಸಣ್ಣದು ಮಾಡಿಸಿದಳು. ಲೆಕ್ಕಕ್ಕೆ ಹೆಚ್ಚು ಹೊತ್ತು ಹಿಡಿಯಿತು, ಅಂಕಿ ಮಾತ್ರ ಹಾಗೆಯೇ ಹಾರಿತು. ಪ್ರತಿ ಸಲ ಅರ್ಧ ಅರ್ಧವೇ ತಿದ್ದಿಕೊಂಡು ಹೋಗು ಎಂದು ಕಂಪ್ಯೂಟರಿಗೆ ಹೇಳಿಸಿದಳು. ಆಗ ಹಾರುವುದು ಕಡಿಮೆಯಾಯಿತು, ಇಳಿಯುವುದೂ ನಿಂತಿತು. ಗೂಟಕ್ಕೆ ಕಟ್ಟಿದ ಎಮ್ಮೆ ಸುತ್ತಿದಲ್ಲೇ ಸುತ್ತಿದ ಹಾಗೆ ಅವೇ ನಾಲ್ಕಾರು ಅಂಕಿಗಳು. ನಡುವೆ ಕರೆಂಟು ಹೋಗುವುದು, ಬ್ಯಾಟರಿ ಮುಗಿಯುವುದು, ಮತ್ತೆ ಮೊದಲಿಂದ. ಕೂಸು ಅತ್ತರೆ ಅವಳು ಹಾಲೂಡುತ್ತ ಕೇಳುತ್ತಿದ್ದಳು, "ಈಗೆಷ್ಟವಾ?" ನಾನು ಹೇಳಿದ ಅಂಕಿ ಕೇಳಿ ಗೋಡೆಯ ಕಡೆ ಹೊರಳುತ್ತಿದ್ದಳು.

ನಿಮ್ಮಪ್ಪ ಆಗ ಗುರುಮಠಕಲ್ ಕಡೆಯ ಶಾಲೆಯಲ್ಲಿದ್ದರು. ಭಾನುವಾರ ಬಂದು ಕೂಸು ನೋಡಿ, ರತ್ನಾಳ ಮುಖ ನೋಡಿ, "ಹಿರೇರು ಹೆಂಗ ಹೇಳ್ತಾರ ಹಂಗ ಮಾಡ್ರಿ" ಎಂದು ಹೋಗುತ್ತಿದ್ದರು. ಅವರ ತಾಯಿ ದಿನಾ ಸಂಜೆ ಯಾದಗಿರಿಯಿಂದ ಫೋನ್ ಮಾಡಿ ಹೊಗೆ ಹಾಕಿದಿರಾ, ಬಿಸಿನೀರು ಕೊಟ್ಟಿರಾ ಎಂದು ವಿಚಾರಿಸುತ್ತಿದ್ದರು. ಎಲ್ಲರೂ ಒಳ್ಳೆಯದನ್ನೇ ಕೇಳುವವರು. ಅದಕ್ಕೇ ಯಾರ ಮೇಲೂ ಸಿಟ್ಟು ಮಾಡುವ ಹಾಗಿರಲಿಲ್ಲ. ರತ್ನಾ ಒಮ್ಮೆ, "ಅವ್ವ, ನಂಗ ಉಸಿರಿಗೆ ಜಾಗ ಇಲ್ಲ" ಎಂದಳು. ನಾನು ಅವಳ ಕಾಲು ಒತ್ತಿದೆ. ಬೇರೆ ಏನು ಮಾಡಲಿ? ಕಿಟಕಿಯ ಗೋಣಿತಾಟಿನ ಒಂದು ಮೂಲೆ ಎತ್ತಲೂ ನನಗೆ ಧೈರ್ಯವಿರಲಿಲ್ಲ.

ಒಂದು ದಿನ ಅವಳು ಬೇರೆ ದಾರಿ ಹಿಡಿದಳು. ಕಬ್ಬಿಣದ ನಿಜವಾದ ಗುಣ ತೆಗೆದುಹಾಕಿ, ಎಷ್ಟು ಬಲ ಕೊಟ್ಟರೂ ನೆಟ್ಟಗೆ ಒಪ್ಪಿಕೊಳ್ಳುವ ಒಂದು ಸುಳ್ಳು ಕಬ್ಬಿಣವನ್ನು ಲೆಕ್ಕಕ್ಕೆ ಕೊಡಿಸಿದಳು. ಅಂಕಿ ಸರಸರನೆ ಇಳಿದುಬಿಟ್ಟಿತು. ನಾನು ಕೂಗಿದ ಸೊನ್ನೆಗಳಿಗೆ ಬಸಮ್ಮಕ್ಕನೂ ಎದ್ದು ಕೂತರು.

"ಆತೇನು?"

"ಇಲ್ರಿ ಅತ್ತಿ" ಎಂದಳು ರತ್ನಾ. "ಚಿತ್ರ ಸರಿ ಅದ, ಮುಕ್ಕೋನ ಸರಿ ಅದಾವ. ತಪ್ಪಿರೋದು ಕಬ್ಬಿಣದಾಗ."

ಮತ್ತೆ ನಿಜವಾದ ಕಬ್ಬಿಣ ಹಾಕಿಸಿ, ಕರೆಂಟು ಅರ್ಧ ಮಾತ್ರ ಬಿಡಿಸಿದಳು. ಇಳಿಯಿತು. ಇನ್ನಷ್ಟು ಬಿಡಿಸಿದಳು. ಹಾರತೊಡಗಿತು. ಅವಳ ದನಿಯೇ ಬದಲಾಯಿತು. ನನ್ನ ಕೈಗೆ ಗ್ರಾಫ್ ಹಾಳೆ ಕೊಡಿಸಿ, ತಾನೇ ಕಾಲೇಜಿನ ಲ್ಯಾಬಿನಲ್ಲಿ ತೆಗೆದಿದ್ದ ಕಬ್ಬಿಣದ ಅಳತೆಯ ಪಟ್ಟಿಯಿಂದ ಒಂದೊಂದೇ ಚುಕ್ಕಿ ಇಡಿಸಿದಳು. ಅಡ್ಡಕ್ಕೆ ಕೊಟ್ಟ ಬಲ, ಉದ್ದಕ್ಕೆ ಕಬ್ಬಿಣ ಹಿಡಿದುಕೊಂಡ ಬಲ. ನಾನು ಇಡುತ್ತ ಹೋದೆ, ಅವಳು ಹಾಳೆಯನ್ನು ಕೆಂಡದ ಬೆಳಕಿಗೆ ಹಿಡಿದು ನೋಡಿದಳು.

ಆ ಗೆರೆ ಮೊದಲು ಜೋರಾಗಿ ಏರಿ, ಕಬ್ಬಿಣದ ಹೊಟ್ಟೆ ತುಂಬುತ್ತ ಬಂದಂತೆ ಮೆಲ್ಲಗೆ ಬಾಗಿ, ಸ್ವಲ್ಪ ಸ್ವಲ್ಪವೇ ಏರುತ್ತ ಹೋಗಬೇಕಂತೆ. ಕೆಳಗೆ ಮಾತ್ರ ಎಂದೂ ಇಳಿಯಬಾರದು. ನಮ್ಮ ಹಾಳೆಯಲ್ಲಿ ಬಾಗಿದ ಜಾಗದಲ್ಲೇ ಒಂದು ಸಣ್ಣ ತಗ್ಗು ಬಿದ್ದು, ಆಮೇಲೆ ಗೆರೆ ಮತ್ತೆ ಏರಿತ್ತು.

"ಇದೇ ತಗ್ಗಿನಾಗ ಬಿದ್ದು ಎದ್ದು ಮಾಡಾಕತ್ತದ ಅದು" ಎಂದಳು. "ಕೆಳಗಿನ ಅಳತಿ ಕುಬಸದ ಕಾರ್ಯಕ್ಕಿಂತ ಮುಂಚೆ ತಗೊಂಡಿದ್ದೆ. ಮ್ಯಾಲಿನವು ಕುಬಸ ಮುಗಿಸಿಕೊಂಡು ಬಂದ ಮ್ಯಾಲೆ. ಅದೇ ಕಬ್ಬಿಣದ ತಗಡು, ಅದೇ ಮೀಟರು. ಏನು ಬದಲಾತು?"

ಅವಳು ಹಾಳೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದಳು. ಆಮೇಲೆ ಬಲಗೈ ಎತ್ತಿ ನೋಡಿಕೊಂಡಳು. ಏಳನೇ ತಿಂಗಳ ಕುಬಸದ, ಅಂದರೆ ಸೀಮಂತದ, ದಿನ ಮೊಳಕೈವರೆಗೆ ಹಸಿರು ಬಳೆ ಏರಿಸಿದ್ದರು. ಆ ಬಳೆಗಳ ನಡುವೆ, ಕೆಟ್ಟ ದೃಷ್ಟಿ ತಾಗದಿರಲಿ ಎಂದು, ಬಸಮ್ಮಕ್ಕ ಒಂದು ಕಬ್ಬಿಣದ ಕಡಗ ಸೇರಿಸಿದ್ದರು. ಬಳೆಗಳ ಸಾಲಿನಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಅಯಸ್ಕಾಂತದ ಬಲ ಅಳೆಯುವ ಕಡ್ಡಿಯನ್ನು ಅದೇ ಬಲಗೈಯಲ್ಲಿ ಹಿಡಿದು ತಗಡಿಗೆ ಹತ್ತಿಸಿ, ಒಂದೊಂದೂ ಅಳತೆ ತೆಗೆದುಕೊಂಡಿದ್ದಳು. ಕಡಗದ ಕಬ್ಬಿಣ ಪಕ್ಕದಲ್ಲೇ ನಿಂತು ಬಲವನ್ನು ತನ್ನ ಕಡೆ ಎಳೆದುಕೊಂಡು, ಮೇಲಿನ ಅಳತೆಗಳನ್ನು ಕಡಿಮೆ ತೋರಿಸಿತ್ತು.

"ನಾನು ಎಂಥಾಕಿ" ಎಂದು ಅವಳು ನಕ್ಕಳು, ನಗುತ್ತ ನಗುತ್ತ ಅತ್ತಳು.

ತಗ್ಗಿನ ಚುಕ್ಕಿಗಳನ್ನು ಅಳಿಸಿ ಗೆರೆ ನೆಟ್ಟಗೆ ಎಳೆದರೆ ಆಗದೇ ಎಂದು ನಾನು ಕೇಳಿದೆ. ಕುಬಸದ ತೋಳಿನಲ್ಲಿ ಸುಕ್ಕು ಬಿದ್ದರೆ ನಾವು ಒಳಗೆ ಮಡಚಿ ಹೊಲಿಯುವುದಿಲ್ಲವೇ?

"ಅಂಕಿ ಇಳೀತದವಾ. ಆದ್ರ ಅದು ನಾನು ಅಳದದ್ದಲ್ಲ, ನಾನು ಬರದದ್ದು ಆಗ್ತದ. ಅಳತಿ ಮತ್ತ ತಗೋಬೇಕು. ಯಾದಗಿರಿಗೆ ಹೋಗಬೇಕು. ಕಡಗ ಬಿಚ್ಚಿ."

ಹೊಸ್ತಿಲ ಚಾಪೆಯ ಮೇಲೆ ವೀಳ್ಯದೆಲೆ ಮಡಚುತ್ತಿದ್ದ ಬಸಮ್ಮಕ್ಕನ ಕೈ ಅಲ್ಲೇ ನಿಂತಿತು.

"ಹಸೀ ಬಾಣಂತಿ ಹೊಸ್ತಿಲಾ ದಾಟ್ತಾಳಂತ? ಕಡಗ ಬಿಚ್ಚಿ ದಾಟ್ತಾಳಂತ?"

"ಒಂದ್ ದಿನ ಅತ್ತಿ. ಹಿಂಗ ಹೋಗಿ ಹಂಗ ಬರ್ತೀನಿ."

"ನನ್ನ ಕೂಸಿನ ತೊಟ್ಟಿಲಾಗ ಕುಡಗೋಲು ಇಡೋದು ಮರತಿದ್ರು" ಎಂದರು ಬಸಮ್ಮಕ್ಕ. ದನಿ ಏರಿಸಲಿಲ್ಲ. "ಒಂದ್ ದಿನಾನ. ಹಿಂಗ ಹೋಗಿ ಹಂಗ ಬಂದೆ. ಬರೋದ್ರಾಗ ಕೂಸಿನಾಗ ಉಸಿರಿರ್ಲಿಲ್ಲ."

ಅವರ ಒಂದು ಕೂಸು ತೀರಿಹೋಗಿತ್ತು ಎಂದು ನಮಗೆ ಗೊತ್ತಿತ್ತು. ಹೇಗೆ ಎಂದು ಈ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ರತ್ನಾ ತಲೆ ತಗ್ಗಿಸಿದಳು. ಕೋಣೆಯ ಹೊಗೆಯಲ್ಲಿ ಮೂವರೂ ಕೂತೆವು. ಕೂಸು ಮಾತ್ರ ಚಪ್ಪರಿಸುತ್ತ ಮಲಗಿತ್ತು. ಬಸಮ್ಮಕ್ಕನ ನಂಬಿಕೆ ಸುಳ್ಳು ಎನ್ನಲು ನಾನು ಯಾರು? ಮಗಳ ದುಡಿಮೆ ಸುಳ್ಳಾಗಲಿ ಎನ್ನಲೂ ನನ್ನಿಂದ ಆಗಲಿಲ್ಲ.

ರತ್ನಾ ಕೊನೆಗೆ, "ಕಡಗ ಕೂಸಿನ ಹತ್ರ ಇರ್ಲಿ ಅತ್ತಿ. ಕೂಸನ್ನ ಬಿಟ್ಟು ಹೋಗಂಗಿಲ್ಲ, ಕರಕೊಂಡೇ ಹೋಗ್ತೀನಿ" ಎಂದಳು.

"ಮತ್ತ ನಿನಗ? ನಿನ್ನ ಕಾಯೋರು ಯಾರು?"

ಆಗ ನನ್ನ ಬಾಯಿಂದ ಮಾತು ಬಂತು. "ನಾ ಅದೀನ್ರಿ ಅಕ್ಕಾರ. ನಾಳೆ ಹೋಗಿಬರ್ತೀವಿ."

ಮದುವೆಯಾಗಿ ಬಂದ ಮೇಲೆ ಅವರ ಎದುರು ನಾನು ಆಡಿದ ಮೊದಲ ಎದುರು ಮಾತು ಅದು. ಬಸಮ್ಮಕ್ಕ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ, ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಅವರು ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲೇ ಬಿಟ್ಟು ಎದ್ದುಹೋದರು.

ಮರುದಿನ ಓಣಿಯ ಬಾಡಿಗೆ ಕಾರು ಬಂತು. ನಾವು ಹತ್ತುವುದರೊಳಗೆ ಬಸಮ್ಮಕ್ಕ ಮುಂದಿನ ಸೀಟಿನಲ್ಲಿ ಕೂತಿದ್ದರು, ಮಡಿಲಲ್ಲಿ ಬಿಸಿನೀರಿನ ಫ್ಲಾಸ್ಕು. "ಗ್ಲಾಸ್ ಏರ್ಸು ತಮ್ಮಾ, ಗಾಳಿ ಬರಬಾರ್ದು" ಎಂದರು ಡ್ರೈವರನಿಗೆ. ಏಸಿ ಹಾಕಲೂ ಬಿಡಲಿಲ್ಲ. ಮುಚ್ಚಿದ ಕಾರಿನಲ್ಲಿ ಉಲ್ಲನ್ ಶಾಲು ಹೊದ್ದ ಬಾಣಂತಿ. ಡ್ರೈವರ್ ಬೆವರು ಒರೆಸಿಕೊಳ್ಳುತ್ತಲೇ ಓಡಿಸಿದ. ಭೀಮಾ ನದಿಯ ಸೇತುವೆ ದಾಟುವಾಗ ನಾನು ಗಾಜಿಗೆ ಹಣೆ ಹಚ್ಚಿ ನೀರು ನೋಡಿದೆ. ಮಳಲಿನ ನಡುವೆ ಸಣ್ಣ ಹರಿವು. ಅದನ್ನು ಕಂಡು ಎಷ್ಟು ವರ್ಷವಾಗಿತ್ತೋ.

ರತ್ನಾಳ ಗೈಡ್ ಮೇಡಂ ಲ್ಯಾಬು ತೆರೆಸಿಟ್ಟಿದ್ದರು. ಬಾಗಿಲಲ್ಲೇ ರತ್ನಾ ಕಡಗ ಬಿಚ್ಚಿ ಕೂಸಿಗೆ ಸುತ್ತಿದ ದುಪಟಿಗೆ ಕಟ್ಟಿ ಸೋದರತ್ತೆಯ ಕೈಗೆ ಕೊಟ್ಟಳು. ಬಸಮ್ಮಕ್ಕ ಕೂಸನ್ನು ಎತ್ತಿಕೊಂಡು ಅಂಗಳದ ಬೇವಿನ ಮರದ ಕಡೆ ನಡೆದರು. ತಿರುಗಿ, "ಇಷ್ಟ್ ದೂರ ಸಾಕೇನು? ಇನ್ನ ಸರದ್ರ ಆಚಿ ಊರು ಕಡೇಚೂರು ಮುಟ್ತೀನಿ" ಎಂದು ಕೂಗಿದರು.

"ಸಾಕ್ರಿ ಅತ್ತಿ! ಅಷ್ಟೇನ್ ಬ್ಯಾಡ!" ಎಂದು ಹೇಳಿ ರತ್ನಾ ನನ್ನ ಸೊಂಟ ನೋಡಿದಳು. "ಅವ್ವ, ನಿನ್ನ ಕೀಲಿಗೊಂಚಲು?" ಅದನ್ನೂ, ಕುಬಸದ ಪಿನ್ನನ್ನೂ ಹೊರಗಿಟ್ಟು ಒಳಗೆ ಹೋದೆ. ಅವಳು ಕಡ್ಡಿ ಹಿಡಿದು ಹೇಳಿದ ಅಳತೆಗಳನ್ನು ನಾನು ಬರೆದುಕೊಂಡೆ. ಈ ಸಲ ಒಂದಕ್ಕಿಂತ ಒಂದು ಅಂಕಿ ಏರುತ್ತಲೇ ಹೋಯಿತು. ನಡುವೆ ಅವಳ ಕಾಲು ಸೋತು ಕುರ್ಚಿಯಲ್ಲಿ ಕೂತಳು. ಎದೆಯ ಹಾಲು ಸೋರಿ ಕುಬಸ ನೆನೆದಿತ್ತು. ಮುಗಿಸಿಯೇ ಏಳುತ್ತೇನೆ ಎಂದಳು.

ಕಿಟಕಿಯಿಂದ ಬೇವಿನ ಮರ ಕಾಣುತ್ತಿತ್ತು. ನನ್ನ ಫೋನು ಬಸಮ್ಮಕ್ಕನ ಬಳಿ ಇತ್ತು. ಅದು ರಿಂಗಾಯಿತು. ಅವರು ಕಿವಿಗೆ ಹಚ್ಚಿಕೊಂಡ ರೀತಿ ನೋಡಿಯೇ ನನಗೆ ಗೊತ್ತಾಯಿತು, ರತ್ನಾಳ ಗಂಡನ ತಾಯಿ. ನನ್ನ ಕೈಯ ಪೆನ್ನು ನಿಂತಿತು. ಬಸಮ್ಮಕ್ಕ ಮೆಲ್ಲಗೆ ಮಾತಾಡುವವರಲ್ಲ, ಎಲ್ಲ ಕೇಳಿಸಿತು.

"ಮನ್ಯಾಗಿಲ್ರಿ. ಯಾದಗಿರ್ಯಾಗ ಅದೀವಿ, ಕಾಲೇಜಿನಾಗ... ಹೌದ್ರಿ, ಬಾಣಂತೀನ ಕರಕೊಂಡೇ ಬಂದೀನಿ... ಕೆಲಸದ ಸಲುವಾಗಿ ರೀ. ಯಾಕ, ಗಂಡಸರಿಗಷ್ಟ ಇರ್ತದೇನು ಕೆಲಸ?... ಬೈಯೋದಿದ್ರ ನನಗ ಬೈರಿ. ಹುಡುಗಿಗೆ ಒಂದ್ ಮಾತ್ ಅಂದ್ರ ನಾ ಕೇಳಂಗಿಲ್ಲ."

ರತ್ನಾ ತಲೆ ಎತ್ತಲಿಲ್ಲ. "ಮುಂದಿಂದು ಬರಕೋ ಅವ್ವ" ಎಂದಳು ಅಷ್ಟೇ.

ಮನೆಗೆ ಬಂದ ಮೇಲೆ ಅದೇ ಕೋಣೆ, ಅದೇ ಕೆಂಡ. ರತ್ನಾಳಿಗೆ ಸಣ್ಣಗೆ ಜ್ವರ ಬಂತು. ಬಸಮ್ಮಕ್ಕ ಕಷಾಯ ಕುದಿಸಿದರು. ಮಗಳನ್ನು ಕಾಯುತ್ತೇನೆ ಎಂದವಳು ನಾನು. ಕೂಸಿನ ಉಸಿರು ಎಣಿಸುತ್ತ, ಮಗಳ ಹಣೆ ಮುಟ್ಟುತ್ತ ಕೂತೆ. ಹೆಚ್ಚುಕಮ್ಮಿಯಾದರೆ ಈ ಮನೆಯಲ್ಲಿ ಯಾರ ಮುಖ ನೋಡಲಿ? ಜ್ವರ ಇಳಿದ ಮೇಲೆಯೇ ನಾನು ಪಡಸಾಲೆಗೆ ಹೋಗಿ ಹೊಸ ಅಳತೆಗಳನ್ನು ಒಂದೊಂದಾಗಿ ತುಂಬಿದ್ದು. ತಿಂಗಳ ಕೊನೆ ಆಗಲೇ ಹತ್ತಿರ ಬಂದಿತ್ತು.

ಅಂದು ಮಧ್ಯಾಹ್ನ ಊಟದ ಹೊತ್ತು. ಪೂರಾ ಕರೆಂಟು ಬಿಟ್ಟು ಲೆಕ್ಕ ಶುರುಮಾಡಿದೆ.

"ಸೊನ್ನೆ ಚುಕ್ಕಿ ನಾಕು" ಎಂದೆ. "ಸೊನ್ನೆ ಚುಕ್ಕಿ ಒಂದು. ಸೊನ್ನೆ ಚುಕ್ಕಿ ಸೊನ್ನೆ ಎರಡು." ಅದು ಯಾವಾಗಲೂ ಹಾರುವ ಜಾಗ. ನಾನು ಬಾಯಿ ಮುಚ್ಚಿದೆ. ಮುಂದಿನ ಸಾಲು ಬಂತು. ಚುಕ್ಕಿಯ ಮುಂದೆ ಇನ್ನೊಂದು ಸೊನ್ನೆ. ಆಮೇಲೆ ಇನ್ನೊಂದು. ನನಗೆ ಕೂಗಲು ಆಗಲಿಲ್ಲ. ಸೊನ್ನೆಗಳು ಬೆಳೆಯುತ್ತ ಹೋಗಿ, ಸಾಲು ತಾನಾಗಿ ನಿಂತಿತು.

"ಎಷ್ಟವಾ? ಯಾಕ ಸುಮ್ನಾದಿ?" ಎಂದು ರತ್ನಾ ಒಳಗಿಂದ ಕೂಗಿದಳು.

ಬಸಮ್ಮಕ್ಕ ಚಾಪೆಯಿಂದ ಎದ್ದು ಬಂದು ನನ್ನ ಹೆಗಲ ಮೇಲಿಂದ ಪರದೆ ನೋಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ನನ್ನ ಮುಖ ನೋಡಿ ತಿಳಿದುಕೊಂಡರು. "ಇಳೀತವ್ವಾ ನಿನ್ನ ಅಂಕಿ!" ಎಂದು ಅವರೇ ಕೂಗಿ ಹೇಳಿದರು.

ಕಾವು ಎಷ್ಟು ಕಡಿಮೆಯಾಗುತ್ತದೆ ಎಂದು ಲೆಕ್ಕ ಹೇಳಿತ್ತು. ರತ್ನಾ ಬಯಸಿದಷ್ಟು ಕಡಿಮೆಯಾಗಿರಲಿಲ್ಲ, ಆದರೆ ಆಗಿತ್ತು. ಅದನ್ನೇ ಬರೆದು, ಅವಧಿಯೊಳಗೇ ಕಳಿಸಿದಳು. ಆಮೇಲಿನದು ನಿಮಗೆ ಗೊತ್ತು. ನಿಮ್ಮವ್ವನ ಹೆಸರಿನ ಮುಂದೆ ಡಾಕ್ಟರ್ ಎಂದು ಇರುವುದನ್ನು ನೋಡಿ ಸುಮಂತ ಅವಳಿಗೆ ಹೊಟ್ಟೆನೋವು ತೋರಿಸಲು ಹೋಗಿದ್ದನಲ್ಲ.

ಆದರೆ ನನಗೆ ನೆನಪಿರುವುದು ಆ ಮಧ್ಯಾಹ್ನ. ಬಸಮ್ಮಕ್ಕ ಕೂಗಿದ ಮೇಲೆ ರತ್ನಾ ಹೊರಸಿನಿಂದ ಇಳಿದು ಬಂದಳು. ಹೊಸ್ತಿಲ ಮೇಲಿನ ಚಾಪೆ ದಾಟಿದಳು. ಪರದೆ ನೋಡುತ್ತಾಳೆ ಎಂದು ನಾನು ಪಕ್ಕಕ್ಕೆ ಸರಿದೆ. ಅವಳು ನಿಲ್ಲಲಿಲ್ಲ. ಪಡಸಾಲೆ ದಾಟಿ, ಅಂಗಳಕ್ಕೆ ಇಳಿದು, ಬಿಸಿಲಲ್ಲಿ ಕಣ್ಣು ಮುಚ್ಚಿಕೊಂಡು ಮುಖ ಮೇಲೆತ್ತಿ ನಿಂತಳು. ಗುಡ್ಡದ ಕಡೆಯಿಂದ ಬಿಸಿಗಾಳಿ ಬೀಸಿ ಅವಳ ಸೀರೆ ಹಾರುತ್ತಿತ್ತು.

ನಾನು ಬಸಮ್ಮಕ್ಕನನ್ನು ನೋಡಿದೆ.

"ಏ ಹುಡುಗಿ, ತಲಿಗೆ ಸೆರಗು ಹೊದ್ಕೋ" ಎಂದರು ಅವರು. ಅಷ್ಟೇ. ಒಳಗೆ ಬಾ ಎನ್ನಲಿಲ್ಲ.